ಅಕ್ಕನ ಹಸಿವು

ನನ್ನ ಅಕ್ಕನ ಮೈ ಇಳಿದಿದೆ ಎಂದು ಊರಿನಲ್ಲಿ ಮೊದಲು ಕಂಡುಹಿಡಿದವರು ಬೀಡಿ ಬ್ರಾಂಚಿನವರು. ಅವಳು ಕಟ್ಟಿದ ಬೀಡಿಯನ್ನು ಆಲಂಕಾರಿನ ಬ್ರಾಂಚಿಗೆ ಕೊಟ್ಟು ಬರುವ ಕೆಲಸ ಕೆಲವು ವರ್ಷಗಳಿಂದ ನನ್ನದಾಗಿತ್ತು. ನಮ್ಮ ಮನೆಯಿಂದ ರಸ್ತೆಗೆ ಹೋಗಲು ಎತ್ತರದ ಮಣ್ಣಿನ ದರೆ ಕಡಿದು ಮಾಡಿದ ಮೆಟ್ಟಿಲುಗಳಿವೆ, ಅವನ್ನು ಹತ್ತಲು ಅವಳಿಂದ ಆಗುತ್ತಿರಲಿಲ್ಲ. ತೂಕ ಇಳಿಸುವ ಮದ್ದು ಶುರುವಾಗಿ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಅವಳೇ ಚೀಲ ಹಿಡಿದು ಬ್ರಾಂಚಿನ ಬಾಗಿಲಲ್ಲಿ ನಿಂತಳಂತೆ. ಬೀಡಿ ಎಣಿಸುವವರು ಮುಖ ಎತ್ತಿ, "ಎಂತ ಮಾರಾಯ್ತಿ, ಅರ್ಧ ಎಲ್ಲಿ ಇಟ್ಟು ಬಂದದ್ದು?" ಎಂದು ಕೇಳಿದರಂತೆ.

"ಮನೆಯಲ್ಲಿ ಉಂಟು. ಬೇಕಾದ್ರೆ ನಾಳೆ ತಮ್ಮನ ಗಾಡಿಯಲ್ಲಿ ಕಳಿಸ್ತೇನೆ," ಎಂದಳಂತೆ ಅಕ್ಕ.

ಅವಳು ಮನೆಗೆ ಬಂದು ಇದನ್ನು ಹೇಳಿದಾಗ ನಾನೂ ನಕ್ಕೆ. ಈಗ ಅವಳನ್ನು ಹೊಗಳುವವರಿಗೆಲ್ಲ, "ಹೌದು, ಅವಳದ್ದು ಭಾರೀ ಛಲ" ಎನ್ನುತ್ತೇನೆ. ಆ ಛಲ ಎಷ್ಟು ದೊಡ್ಡದು ಎಂದು ನನ್ನಷ್ಟು ತಿಳಿದವರು ಬೇರೆ ಯಾರೂ ಇಲ್ಲ. ಅದನ್ನು ಮುರಿಯುವಷ್ಟು ಭಾರ ಹಾಕಿದವನು ನಾನೇ. ಬೇಕೆಂದು ಮಾಡಿದ್ದಲ್ಲ. ಆದರೆ ಮಾಡಿದ ಮೇಲೆ ಮುಚ್ಚಿಟ್ಟದ್ದು ಬೇಕೆಂದೇ.

ನಾನು ಗಾಡಿಯಲ್ಲಿ ಊರೂರು ಸುತ್ತಿ ಮೀನು ಮಾರುವವನು. ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟೆ. ಅಕ್ಕನಿಗೆ ನನ್ನನ್ನು ಓದಿಸುವ ಆಸೆ ಇತ್ತು, ನನಗೆ ಇರಲಿಲ್ಲ. ಅಮ್ಮ ಹೊಟ್ಟೆಯ ಆಪರೇಷನ್‌ಗೆಂದು ಮಂಗಳೂರಿಗೆ ಹೋದವಳು ಆಂಬುಲೆನ್ಸಿನಲ್ಲಿ ಹೆಣವಾಗಿ ಬಂದಾಗ ನಾನು ಚಿಕ್ಕವನು. ಅಕ್ಕನಿಗೆ ಮದುವೆಯ ಮಾತುಕತೆ ನಡೆಯುವ ಪ್ರಾಯ. ಆ ಮಾತುಕತೆ ಅಲ್ಲಿಗೇ ನಿಂತಿತು. ಅವಳು ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಳಿ ಸುತ್ತಿ ನೂಲು ಕಟ್ಟುವುದು. ಬೆಳಿಗ್ಗೆ ಕೂತರೆ ಕತ್ತಲಾಗುವವರೆಗೆ ಅದೇ. ನನ್ನ ಅನ್ನ, ನನ್ನ ಅಂಗಿ, ಮುಂದೆ ನನ್ನ ಮೊದಲ ಮೀನಿನ ಸೈಕಲ್ಲು, ಎಲ್ಲ ಆ ಮೊರದಿಂದ ಬಂದದ್ದು. ಹಾಗೆ ಕೂತು ಕೂತು ಅವಳ ಮೈ ಬೆಳೆಯಿತು. ಕಡೆಗೆ ಮೊರ ಮಡಿಲಲ್ಲಿ ನಿಲ್ಲದಾಯಿತು. ಸ್ಟೂಲಿನ ಮೇಲೆ ಇಟ್ಟು ಕಟ್ಟತೊಡಗಿದಳು. ಮೊಣಕಾಲು ಊದಿತು, ಸಕ್ಕರೆ ಕಾಯಿಲೆ ಬಂತು, ಮಲಗಿದರೆ ಉಸಿರು ಕಟ್ಟತೊಡಗಿತು. ನಾನು ತಮಾಷೆಗೆ, "ಅಕ್ಕಾ, ನೀನು ಗಾಡಿಯಲ್ಲಿ ಕೂತ್ರೆ ನನಗೆ ಮೀನು ಲೋಡ್ ಮಾಡ್ಲಿಕ್ಕಿಲ್ಲ" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಅವಳು ನಗುತ್ತಾಳೆ ಎಂಬ ಧೈರ್ಯದಿಂದ ನಾನು ಇಂಥದ್ದು ಬಹಳ ಹೇಳಿದ್ದೇನೆ.

ಪುತ್ತೂರಿನಲ್ಲಿ ತೂಕಕ್ಕೇ ಮದ್ದು ಕೊಡುವ ಡಾಕ್ಟರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಹೋದೆವು. ರಕ್ತ, ಹೊಟ್ಟೆಯ ಸ್ಕ್ಯಾನಿಂಗ್, ಎಲ್ಲ ಪರೀಕ್ಷೆ ಆಯಿತು. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಮಂಗಳೂರಿನಲ್ಲಿ ಹೊಟ್ಟೆಯ ಆಪರೇಷನ್. ಇನ್ನೊಂದು, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್, ಅದರ ಜೊತೆಗೆ ಊಟದ ಕ್ರಮ, ನಡಿಗೆ, ತಿಂಗಳಿಗೊಮ್ಮೆ ಪರೀಕ್ಷೆ.

"ಹೊಟ್ಟೆ ಕೊಯ್ಯುದು ಮಾತ್ರ ಬೇಡ ಡಾಕ್ಟ್ರೆ," ಎಂದಳು ಅಕ್ಕ. "ನಮ್ಮ ಅಮ್ಮ ಹಾಗೆ ಹೋದದ್ದು. ಬೇರೆ ಎಂತ ಹೇಳಿದ್ರೂ ಮಾಡ್ತೇನೆ. ತಪ್ಪು ನನ್ನದೇ ಅಲ್ವಾ, ತಿಂದದ್ದು ನಾನೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾರು ಹೇಳಿದ್ದು ನಿಮಗೆ ಅದು ತಪ್ಪು ಅಂತ? ಹಸಿವು ಹೊಟ್ಟೆಬಾಕತನ ಅಲ್ಲ ಅಕ್ಕ. ಕೆಲವರ ಮೈ ಸಾಕು ಅಂತ ಹೇಳುದೇ ಇಲ್ಲ. ಜ್ವರ ಬಂದ್ರೆ ನಾಚಿಕೆ ಮಾಡ್ತೀರಾ? ಇದಕ್ಕೂ ಬೇಡ."

ಅವತ್ತು ಅವಳು ಆಸ್ಪತ್ರೆಯ ಮೆಟ್ಟಿಲು ಇಳಿದು ಬಂದ ರೀತಿ ನನಗೆ ನೆನಪಿದೆ. ಇನ್ನೂ ಒಂದು ಮದ್ದೂ ಒಳಗೆ ಹೋಗಿರಲಿಲ್ಲ, ಆಗಲೇ ಮೈ ಹಗುರಾದವಳ ಹಾಗೆ ಇದ್ದಳು. ಗಾಡಿಯಲ್ಲಿ ಕೂತು, "ಕೇಳಿದೆಯಾ? ನನ್ನ ತಪ್ಪಲ್ಲ ಅಂತೆ," ಎಂದಳು. ಉಪ್ಪಿನಂಗಡಿ ಬಂದಾಗ ಇನ್ನೊಮ್ಮೆ ಹೇಳಿದಳು.

ಅವಳು ಹಿಡಿದ ಕ್ರಮವನ್ನು ನೋಡಿದರೆ ನಾನು ಶಾಲೆಯಲ್ಲಿ ಯಾಕೆ ಉದ್ಧಾರ ಆಗಲಿಲ್ಲ ಎಂದು ಗೊತ್ತಾಗುತ್ತಿತ್ತು. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಮೀನು, ಉಳಿದದ್ದರಲ್ಲಿ ಕುಚ್ಚಲಕ್ಕಿ ಅನ್ನ. ಆಸ್ಪತ್ರೆಯಲ್ಲಿ ಊಟದ ಕ್ರಮ ಹೇಳಿಕೊಡುವ ಹುಡುಗಿಗೆ ಪ್ರತಿ ಊಟದ ಫೋಟೋ ಕಳಿಸಬೇಕು. ಅಕ್ಕನಿಗೆ ಟೈಪ್ ಮಾಡಲು ಬಾರದು. ಫೋಟೋದ ಹಿಂದೆಯೇ ತುಳುವಿನಲ್ಲಿ ವಾಯ್ಸ್ ಮೆಸೇಜು ಬಿಡುತ್ತಿದ್ದಳು: ಇದು ಬಸಳೆ, ತೆಂಗಿನಕಾಯಿ ಹಾಕಿಲ್ಲ, ತಮ್ಮ ಬೈದುಕೊಂಡು ತಿಂದ. ಬಂಗುಡೆ ಮೀನಿಗೆ ಕಾಯಿ ಇಲ್ಲದ, ಹುಳಿ ಖಾರದ ಪುಳಿಮುಂಚಿ ಮಾಡಲು ಕಲಿತಳು. ವಾರಕ್ಕೊಮ್ಮೆ, ಆದಿತ್ಯವಾರ, ಹೊಟ್ಟೆಯ ಚರ್ಮ ಹಿಡಿದು ತಾನೇ ಚುಚ್ಚಿಕೊಳ್ಳುತ್ತಿದ್ದಳು. ಮೊದಲ ಸಲ ನಾನು ಮುಖ ತಿರುಗಿಸಿದ್ದಕ್ಕೆ, "ದಿನಾ ಮೀನಿನ ಹೊಟ್ಟೆ ಕೊಯ್ಯುವವ, ಇದಕ್ಕೆ ಹೆದರುದಾ?" ಎಂದಳು. ಮುಂಜಾನೆ ಅಂಗಳದಲ್ಲಿ ನಡೆಯುವುದು ಶುರುವಾಯಿತು. ಆಮೇಲೆ ಮೆಟ್ಟಿಲಿನವರೆಗೆ. ಆಮೇಲೆ ಬ್ರಾಂಚಿನವರೆಗೆ. ಡಾಕ್ಟರ ತಕ್ಕಡಿಯ ಮುಳ್ಳು ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಇಳಿಯಿತು. ಸಕ್ಕರೆಯ ಮಾತ್ರೆ ಕಡಿಮೆಯಾಯಿತು.

ಮದ್ದು ತರಲು ಅವಳೇ ಪುತ್ತೂರಿಗೆ ಹೋಗುತ್ತಿದ್ದಳು. ಬರೆಯುವ ಪೆನ್ನಿನ ಹಾಗೆ ಇರುವ ಇಂಜೆಕ್ಷನ್ ಅದು. ಒಂದು ಪೆನ್ನು ಒಂದು ತಿಂಗಳಿಗೆ. ತಣ್ಣಗೆ ಇರಬೇಕು, ಹಾಗಾಗಿ ಮೆಡಿಕಲಿನವರು ತಂಪಿನ ಪ್ಯಾಕೆಟ್ ಇಟ್ಟ ಸಣ್ಣ ಚೀಲದಲ್ಲಿ ಹಾಕಿ ಕೊಡುತ್ತಿದ್ದರು. ಮನೆಯಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಇಡುತ್ತಿದ್ದಳು. ಒಮ್ಮೆ ಅವಳಿಗೆ ಜ್ವರ. "ನಾನು ಹೇಗೂ ಮೀನಿಗೆ ಪುತ್ತೂರಿಗೆ ಹೋಗುವವ, ನಾನೇ ತರ್ತೇನೆ," ಎಂದೆ. ಈ ಸಲ ಎರಡು ಪೆನ್ನು ಒಟ್ಟಿಗೆ ತರುವುದೆಂದಾಯಿತು. ಮೆಡಿಕಲಿನವರು ಕೊಡುವಾಗ ಏನೋ ಹೇಳಿದರು. ಐಸ್ ಎಂಬ ಶಬ್ದ ಕೇಳಿದ್ದು ನಿಜ. ಆದರೆ ಆಗಲೇ ನನ್ನ ಫೋನಿಗೆ ಕೊಲ್ಲಮೊಗ್ರಿನ ಗಿರಾಕಿಯ ಕರೆ ಬಂದಿತ್ತು. ಬೂತಾಯಿ ಮೀನು ಉಂಟಾ, ಎಷ್ಟು ಹೊತ್ತಿಗೆ ಬರ್ತಿ ಎಂದು ಅವರು ಕೇಳುತ್ತಿದ್ದರು. ನಾನು ಮೆಡಿಕಲಿನವರಿಗೆ ತಲೆ ಅಲ್ಲಾಡಿಸಿ ಹೊರಗೆ ಬಂದೆ.

ಗಾಡಿಯ ಹತ್ತಿರ ಬಂದು ಆ ಸಣ್ಣ ಚೀಲವನ್ನು ಒತ್ತಿ ನೋಡಿದೆ. ನನಗೆ ನಗು ಬಂತು. ಕೈಗೆ ಸರಿಯಾಗಿ ತಂಪು ಕೂಡ ತಾಗದು. ನಾನು ಬಿಸಿಲಲ್ಲಿ ಸುಬ್ರಹ್ಮಣ್ಯ ದಾಟಿ ಹೋಗಿ ಸಂಜೆಗೂ ಕಣ್ಣು ಕೆಂಪಾಗದ ತಾಜಾ ಮೀನು ಕೊಡುವವನು. ತಂಪಿನ ವಿಷಯ ನನಗೆ ಇವರು ಕಲಿಸುವುದೇ ಎಂದುಕೊಂಡೆ. ಎರಡೂ ಪೆನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಂಗುಡೆಯ ಪೆಟ್ಟಿಗೆಯಲ್ಲಿ ಐಸಿನ ನಡುವೆ ಆಳಕ್ಕೆ ಹೂತೆ. ತಂಪು ಹೆಚ್ಚಲೆಂದು ನಾವು ಅದಕ್ಕೆ ಕಲ್ಲುಪ್ಪು ಹಾಕುತ್ತೇವೆ. ಆಗ ಅದು ಮಾಮೂಲು ಐಸಿಗಿಂತ ಹೆಚ್ಚು ಕೊರೆಯುತ್ತದೆ. ಅವತ್ತು ಅಕ್ಕನ ಮೇಲಿನ ಪ್ರೀತಿಗೆ ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದೆ.

ಮಧ್ಯಾಹ್ನ ಕೊಲ್ಲಮೊಗ್ರಿನಲ್ಲಿ ಪೆಟ್ಟಿಗೆ ಖಾಲಿಯಾಗುವಾಗ ತೆಗೆದು ನೋಡಿದೆ. ಪೆನ್ನಿಗೆ ಒಂದು ಸಣ್ಣ ಗಾಜಿನ ಕಿಟಕಿ ಇದೆ, ಅದರಲ್ಲಿ ಮದ್ದು ನೀರಿನ ಹಾಗೆ ಕಾಣುತ್ತದೆ. ಈಗ ಅಲ್ಲಿ ಬೆಳ್ಳಗೆ ಗಟ್ಟಿ ಕಟ್ಟಿತ್ತು. ಎರಡರಲ್ಲಿಯೂ. ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿದೆ. ಗಾಡಿಯ ಗಾಜಿನ ಹಿಂದೆ ಬಿಸಿಲಿಗೆ ಇಟ್ಟೆ. ಮೆಲ್ಲಗೆ ಕರಗಿ ಮತ್ತೆ ನೀರಾಯಿತು. ನೋಡಲು ಏನೂ ವ್ಯತ್ಯಾಸವಿಲ್ಲ. ನೀರು ಗಟ್ಟಿಯಾದರೆ ಐಸು, ಕರಗಿದರೆ ನೀರು ಎಂದು ಮನಸ್ಸಿಗೆ ಸಮಾಧಾನ ಹೇಳಿ, ಮೆಡಿಕಲಿನ ಚೀಲಕ್ಕೆ ವಾಪಸು ಹಾಕಿ ಅಕ್ಕನ ಕೈಗೆ ಕೊಟ್ಟೆ.

"ತಂಪು ಉಂಟಲ್ಲ?" ಎಂದು ಕೇಳಿದಳು.

"ನನ್ನ ಹತ್ರ ತಂಪು ಕೇಳ್ತೀಯಾ?" ಎಂದೆ.

ಎರಡು ವಾರ ಆಗುವಷ್ಟರಲ್ಲಿ ಅವಳ ಹಸಿವು ಮರಳಿ ಬಂತು. ಮೊದಮೊದಲು ಅವಳು ಹೇಳಲಿಲ್ಲ. ಬೀಡಿ ಕಟ್ಟುವವಳು ಅಡಿಗೆಮನೆಗೆ ಬೆನ್ನು ಹಾಕಿ ಕೂರತೊಡಗಿದಳು. ಮನೆಯಲ್ಲಿದ್ದ ಬಾಳೆಕಾಯಿ ಚಿಪ್ಸಿನ ಡಬ್ಬವನ್ನು ನೆರೆಮನೆಗೆ ಕೊಟ್ಟಳು. ತಟ್ಟೆಯ ಫೋಟೋ ಕಳಿಸುವುದು ತಪ್ಪಲಿಲ್ಲ, ತಟ್ಟೆ ದೊಡ್ಡದಾಗಲಿಲ್ಲ. ಆದರೆ ವಾಯ್ಸ್ ಮೆಸೇಜಿನಲ್ಲಿ ತಮಾಷೆ ನಿಂತಿತು. ಒಂದು ದಿನ ನನ್ನ ಹತ್ತಿರ, "ನನ್ನ ನಾಲಗೆ ಪುನಃ ಹಾಳಾಯ್ತು ಮಾರಾಯ," ಎಂದಳು. ಕಾರಣ ಏನಿರಬಹುದೆಂದು ಆ ಕ್ಷಣವೇ ನನಗೆ ಹೊಳೆಯಿತು. ನಾನು ಟಿವಿಯ ಸದ್ದು ಹೆಚ್ಚು ಮಾಡಿದೆ.

ತಿಂಗಳ ಪರೀಕ್ಷೆಗೆ ಹೋದೆವು. ಮುಳ್ಳು ಇಳಿದಿರಲಿಲ್ಲ. ಡಾಕ್ಟರು, "ಮದ್ದು ಫ್ರಿಜ್ಜಿನಲ್ಲೇ ಇಡ್ತೀರಲ್ಲ?" ಎಂದು ಕೇಳಿದರು. ಅಕ್ಕ ಹೌದೆಂದಳು. ಅದು ಸತ್ಯವೇ. ನಾನೂ, "ಹೌದು ಸರ್, ಫ್ರಿಜ್ಜಿನಲ್ಲೇ" ಎಂದೆ. ಆ ಊಟದ ಹುಡುಗಿ ತುಂಬ ಮೆತ್ತಗೆ, ಫೋಟೋದಲ್ಲಿ ಬಾರದ್ದು ಏನಾದರೂ ಉಂಟಾ ಎಂದು ವಿಚಾರಿಸಿದಳು. ಅಕ್ಕ ಇಲ್ಲವೆಂದು ತಲೆ ಆಡಿಸಿದಳು. ಆಗ ನಾನು ಆ ಮಾತು ಹೇಳಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

"ನಿಜ ಹೇಳು ಅಕ್ಕಾ. ನಾನು ಮೀನಿನ ಲೈನಿಗೆ ಹೋದ ಮೇಲೆ ಕದ್ದು ಎಂತಾದ್ರೂ ತಿಂತೀಯಾ?"

ಅಕ್ಕ ನನ್ನ ಮುಖ ನೋಡಿದಳು. ಕೋಪ ಇರಲಿಲ್ಲ. ತನಗೇ ಗೊತ್ತಿಲ್ಲದೆ ತಿಂದಿರಬಹುದೇನೋ ಎಂದು ತನ್ನೊಳಗೇ ಹುಡುಕುವವಳ ಹಾಗಿದ್ದಳು. ಡಾಕ್ಟರು, ಇನ್ನೊಂದು ತಿಂಗಳು ನೋಡುವ, ಇಳಿಯದಿದ್ದರೆ ಈ ಮದ್ದು ನಿಮ್ಮ ಮೈಗೆ ಹಿಡಿಯುವುದಿಲ್ಲ ಎಂದು ಅರ್ಥ, ಆಮೇಲೆ ಆಪರೇಷನ್ನಿನ ಮಾತು ತೆಗೆಯಲೇಬೇಕಾಗುತ್ತದೆ ಎಂದರು. ಎರಡನೆಯ ಪೆನ್ನು ನಮ್ಮ ಫ್ರಿಜ್ಜಿನಲ್ಲಿತ್ತು. ಅದೂ ಐಸಿನಲ್ಲಿ ಹೂತದ್ದೇ.

ಅದೇ ತಿಂಗಳು ಸುಳ್ಯದ ಕಡೆ ಸಂಬಂಧಿಕರ ಹೊಸ ಮನೆಯ ಒಕ್ಕಲು. ಅಕ್ಕ ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಕೂತಿದ್ದಳು. ಎಲೆಯಲ್ಲಿ ಪಲ್ಯ, ಒಂದು ಹಿಡಿ ಅನ್ನ, ಸಾರು. ಪಾಯಸದವನು ಬಂದಾಗ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಪಕ್ಕದಲ್ಲಿದ್ದ ಹೆಂಗಸರು ಬಿಡುತ್ತಾರೆಯೇ?

"ಎಂತ ಮಾರಾಯ್ತಿ, ಹೀಗೆ ತಿಂದ್ರೆ ಗಾಳಿಗೆ ಹಾರಿ ಹೋಗ್ತಿ."

"ನನ್ನನ್ನು ಹಾರಿಸುವ ಗಾಳಿ ಬಂದ್ರೆ ಮೊದಲು ಈ ಹೊಸ ಮನೆಯ ಶೀಟು ಹಾರ್ತದೆ, ಜಾಗ್ರತೆ," ಎಂದಳು ಅಕ್ಕ.

ಪಂಕ್ತಿಯೆಲ್ಲ ನಕ್ಕಿತು. ವಾಪಸು ಬರುವಾಗ ಗಾಡಿಯಲ್ಲಿ ಅವಳು ಬಹಳ ಹೊತ್ತು ಹೊರಗೆ ನೋಡುತ್ತಿದ್ದಳು. ಆಮೇಲೆ, "ತಮ್ಮಾ, ನನಗೆ ಆ ಪಾಯಸದವನ ಬಾಲ್ದಿಗೇ ಬಾಯಿ ಹಾಕುವ ಅಂತ ಆಗಿತ್ತು," ಎಂದಳು. "ಡಾಕ್ಟ್ರು ನನ್ನ ತಪ್ಪಲ್ಲ ಅಂದ್ರು. ಅವರಿಗೆ ನನ್ನ ವಿಷಯ ಗೊತ್ತಿಲ್ಲ."

ಮರುದಿನ ನಾನು ಮೀನಿಗೆ ಹೊರಡುವಾಗ ಅವಳು ಒಂದು ಬೀಗ ತಂದು ಕೈಯಲ್ಲಿ ಇಟ್ಟಳು. ಅಡಿಗೆಮನೆಯ ಬಾಗಿಲಿಗೆ ಹಾಕಿ ಹೋಗು ಎಂದಳು. ಮಧ್ಯಾಹ್ನದ ಊಟವನ್ನು ಅಳತೆ ಮಾಡಿ ಡಬ್ಬದಲ್ಲಿ ಹೊರಗೆ ಇಟ್ಟುಕೊಂಡಿದ್ದಳು. ಕೀ ನನ್ನ ಹತ್ತಿರವೇ ಇರಬೇಕು, ಅವಳು ಕೇಳಿದರೂ ಕೊಡಬಾರದು.

ನಾನು ಆಗ ಹೇಳಬಹುದಿತ್ತು. ಒಂದು ವಾಕ್ಯದ ಕೆಲಸ. ಆದರೆ ತಿಂಗಳ ಹಿಂದೆ ಹೇಳಿದ್ದರೆ ಅದು ಪೆದ್ದನ ತಪ್ಪಾಗುತ್ತಿತ್ತು. ಕದ್ದು ತಿಂತೀಯಾ ಎಂದು ಕೇಳಿದ ಮೇಲೆ ಅದು ಬೇರೆಯೇ ಆಗಿತ್ತು. ನಾನು ಬಾಗಿಲು ಎಳೆದು ಬೀಗ ಹಾಕಿದೆ. ಕೀಯನ್ನು ಪ್ಯಾಂಟಿನ ಕಿಸೆಯಲ್ಲಿ ಹಾಕಿಕೊಂಡು ಹೋಗಿ ಮೀನು ಮಾರಿದೆ. ಮರುದಿನವೂ ಹಾಗೆಯೇ. ಅದರ ಮರುದಿನವೂ. ತಾನು ದುಡಿದು ಕಟ್ಟಿದ ಮನೆಯಲ್ಲಿ, ತನ್ನದೇ ಅಡಿಗೆಮನೆಯ ಹೊರಗೆ, ನನ್ನನ್ನು ಸಾಕಿದವಳು ಕೂತು ಬೀಡಿ ಕಟ್ಟುತ್ತಿದ್ದಳು. ಸಂಜೆ ನಾನು ಬಾಗಿಲು ತೆಗೆದಾಗ ಅವಳು ಒಳಗೆ ಓಡುತ್ತಿರಲಿಲ್ಲ. ನಿಧಾನಕ್ಕೆ ಎದ್ದು, ಕೈ ತೊಳೆದು, ಮೊದಲು ನನಗೆ ಚಾ ಮಾಡುತ್ತಿದ್ದಳು.

ಮುಂದಿನ ಪರೀಕ್ಷೆಯ ದಿನ ಬಂತು. ಮುಳ್ಳು ಹೋದ ತಿಂಗಳು ನಿಂತಲ್ಲೇ ನಿಂತಿತು. ಡಾಕ್ಟರು ಮಂಗಳೂರಿನ ಸರ್ಜನರ ಬಳಿ ಹೋಗಲು ಚೀಟಿ ಬರೆಯತೊಡಗಿದರು. ಈಗ ಅದು ಮೊದಲಿನ ಹಾಗಲ್ಲ, ಸಣ್ಣ ತೂತು ಮಾಡಿ ಮಾಡುತ್ತಾರೆ, ಹೆದರಬೇಡಿ ಎಂದು ಹೇಳಿದರು. ನಾನು ಅಕ್ಕ ಬೇಡ ಎನ್ನುತ್ತಾಳೆಂದು ಕಾದೆ.

"ಆಗ್ಲಿ ಡಾಕ್ಟ್ರೆ," ಎಂದಳು ಅವಳು. "ನನ್ನಿಂದ ಬಾಯಿ ಕಟ್ಲಿಕ್ಕೆ ಆಗುದಿಲ್ಲ ಅಂತ ಆಯ್ತಲ್ಲ. ಕೊಯ್ಯಲಿ."

ಅವಳ ಕೈ ಮಡಿಲಿನಲ್ಲಿ ಸೆರಗಿನ ತುದಿಯನ್ನು ಬೀಡಿ ಸುತ್ತುವ ಹಾಗೆ ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಅಮ್ಮನನ್ನು ಕರೆದುಕೊಂಡು ಹೋಗಿ, ಅಮ್ಮನನ್ನು ತಂದವಳು ಅವಳು. ನನಗೆ ಅವತ್ತಿನದ್ದು ಏನೂ ನೆನಪಿಲ್ಲ. ಅವಳಿಗೆ ಎಲ್ಲ ನೆನಪಿದೆ.

"ಬರೀಬೇಡಿ ಸರ್," ಎಂದೆ. "ಮದ್ದು ನಾನು ಹಾಳು ಮಾಡಿದ್ದು. ಎರಡೂ. ಮೀನಿನ ಐಸಿನಲ್ಲಿ ಇಟ್ಟು ತಂದೆ. ಗಟ್ಟಿಯಾಗಿತ್ತು. ನಾನು ನೋಡಿದ್ದೇನೆ."

"ಉಪ್ಪು ಹಾಕಿದ ಐಸಾ?" ಎಂದು ಕೇಳಿದರು ಡಾಕ್ಟರು.

"ಹೌದು ಸರ್. ಬಿಸಿಲಿಗಿಟ್ಟು ಕರಗಿಸಿ ಕೊಟ್ಟೆ."

ಅವರು ನನ್ನನ್ನು ಬೈದರು. ಬೈಯಬೇಕಾದದ್ದೇ. ಈ ಮದ್ದು ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮತ್ತೆ ಕರಗಿದರೂ ಅದನ್ನು ನಂಬುವಂತಿಲ್ಲ ಎಂದರು. "ಇದು ತಿಳಿಯದೆ ನಾನು ಪ್ರಮಾಣ ಏರಿಸಿ ಹೊಸ ಪೆನ್ನು ಕೊಟ್ಟಿದ್ದರೆ ನಿಮ್ಮ ಅಕ್ಕ ವಾಂತಿ ಮಾಡಿ ಮಾಡಿ ಅಡ್ಡ ಬೀಳುತ್ತಿದ್ದರು, ಗೊತ್ತುಂಟಾ?" ಎಂದರು. ಬರೆಯುತ್ತಿದ್ದ ಚೀಟಿಯನ್ನು ಹರಿದರು. ಆಮೇಲೆ ನನ್ನ ಕಡೆ ನೋಡುವುದನ್ನು ಬಿಟ್ಟು ಕುರ್ಚಿಯನ್ನು ಅಕ್ಕನ ಕಡೆ ತಿರುಗಿಸಿದರು.

"ಅಕ್ಕಾ, ಇಲ್ಲಿ ಕೇಳಿ. ಇಷ್ಟು ದಿನ ನಿಮ್ಮ ಮೈಯಲ್ಲಿ ಮದ್ದು ಇರಲೇ ಇಲ್ಲ ಅಂತ ಲೆಕ್ಕ. ಮದ್ದು ನಿಂತ್ರೆ ಹಸಿವು ವಾಪಸು ಬರ್ತದೆ, ಹೆಚ್ಚಿನವರಿಗೆ ತೂಕವೂ ಬರ್ತದೆ. ನಿಮ್ಮದು ಏರಲೇ ಇಲ್ಲ. ಅದನ್ನು ಹಿಡಿದು ನಿಲ್ಲಿಸಿದ್ದು ಯಾರು ಅಂತ ಗ್ರಹಿಸಿದ್ದೀರಿ?"

ಊಟದ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಅಕ್ಕ ಮಾತ್ರ ಅಳಲಿಲ್ಲ. ನನ್ನ ಕಡೆ ತಿರುಗಿ ಕೈ ಚಾಚಿದಳು.

"ಕೀ ಕೊಡು."

ಕಿಸೆಯಿಂದ ತೆಗೆದು ಕೊಟ್ಟೆ. ಅವಳು ಅದನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಮದ್ದನ್ನು ಮತ್ತೆ ಮೊದಲಿನಿಂದ, ಅತಿ ಸಣ್ಣ ಪ್ರಮಾಣದಿಂದ ಶುರು ಮಾಡುವುದೆಂದಾಯಿತು. ಎಷ್ಟೋ ತಿಂಗಳು ಹಿಂದೆ ಹೋದ ಹಾಗೆ. ಅವಳು ಸರಿ ಎಂದಳು. ಮೆಡಿಕಲಿಗೆ ತಾನೇ ಹೋದಳು, ಕೌಂಟರಿನಲ್ಲಿ ನಿಂತು ಹೇಗೆ ಇಡಬೇಕು ಎಂಬುದನ್ನು ಎರಡು ಸಲ ಕೇಳಿದಳು. ನಾನು ರಸ್ತೆಯ ಈಚೆ ನಿಂತಿದ್ದೆ.

ದಾರಿಯಲ್ಲಿ ನಾನು ತಪ್ಪಾಯಿತು ಎಂದೆ. ಒಂದಲ್ಲ, ಹಲವು ಸಲ. ಉಪ್ಪಿನಂಗಡಿ ದಾಟಿದ ಮೇಲೆ ಅವಳು ಮಾತಾಡಿದಳು.

"ಐಸಿಗೆ ಹಾಕಿದ್ದಕ್ಕೆ ಕೋಪ ಇಲ್ಲ. ನಿನಗೆ ಬುದ್ಧಿ ಇಷ್ಟೇ ಅಂತ ಮೊದಲೇ ಗೊತ್ತುಂಟು. ಚಂದ ಆಗ್ಲಿ ಅಂತ ಮಾಡಿದ್ದು ನೀನು." ಮದ್ದಿನ ಚೀಲವನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು, "ಆದ್ರೆ ನೀನು ಕದ್ದು ತಿಂತೀಯಾ ಅಂತ ಕೇಳಿದ ಮೇಲೆ ನಾನು ದಿನಾ ಗ್ರಹಿಸ್ತಿದ್ದೆ. ನಿದ್ರೆಯಲ್ಲಿ ಎದ್ದು ತಿಂತೇನಾ ಅಂತ. ಬೆಳಿಗ್ಗೆ ಎದ್ದು ಬಾಯಿ ವಾಸನೆ ನೋಡ್ತಿದ್ದೆ ನಾನು."

ನಾನು ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಮುಂದೆ ಬಿಡಲು ಆಗಲಿಲ್ಲ.

"ಹೋಗುವ," ಎಂದಳು ಅವಳು. "ಚೀಲದ ತಂಪು ಆರ್ತದೆ."

ಇದಾಗಿ ವರ್ಷ ಹತ್ತಿರ ಬಂತು. ಅವಳು ಮೊದಲಿನಿಂದ ಶುರು ಮಾಡಿದ್ದನ್ನು ಒಂದು ವಾರವೂ ತಪ್ಪಿಸಲಿಲ್ಲ. ಕೆಲವು ವಾರ ಹೊಟ್ಟೆ ತೊಳೆಸಿ ಮಲಗಿದ್ದೂ ಇದೆ, ಎದ್ದು ಮೆಟ್ಟಿಲು ಹತ್ತಿ ನಡೆದದ್ದೂ ಇದೆ. ಬ್ರಾಂಚಿನಲ್ಲಿ, ಬಸ್ಸಿನಲ್ಲಿ, ಕಡಬದ ಸಂತೆಯಲ್ಲಿ ಜನ ಅವಳನ್ನು ನಿಲ್ಲಿಸಿ ಎಂತ ಮಾಡಿದ್ದು, ಯಾವ ಕಷಾಯ ಎಂದು ಕೇಳುತ್ತಾರೆ. ಕಷಾಯ ಅಲ್ಲ, ಡಾಕ್ಟ್ರ ಮದ್ದು, ಮತ್ತೆ ನನ್ನ ಬಾಯಿ ಎನ್ನುತ್ತಾಳೆ. ನನ್ನ ಹೆಸರು ಎಲ್ಲಿಯೂ ಹೇಳಿಲ್ಲ. ನಾನು ಕೂಡ ಈವರೆಗೆ ಹೇಳಿರಲಿಲ್ಲ.

ಪುತ್ತೂರಿಗೆ ಈಗಲೂ ನನ್ನ ಗಾಡಿಯಲ್ಲೇ ಬರುತ್ತಾಳೆ. ಹೊಸದಾಗಿ ಶುರು ಮಾಡಿದ ಮೇಲಿನ ಮೊದಲ ಪರೀಕ್ಷೆಯ ದಿನ ನಾನು ಎಂದಿನಂತೆ ಅವಳ ಹಿಂದೆ ಡಾಕ್ಟರ ಕೋಣೆಗೆ ಹೊರಟಿದ್ದೆ. ಅವಳು ಬಾಗಿಲ ಹತ್ತಿರ ತಿರುಗಿ, "ನೀನು ಹೊರಗೆ ಕೂತ್ಕೊ," ಎಂದಳು. ಗಟ್ಟಿಯಾಗಿ ಅಲ್ಲ, ಊಟಕ್ಕೆ ಕರೆಯುವ ಸ್ವರದಲ್ಲೇ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಆ ಊಟದ ಹುಡುಗಿ ನಗುವುದು ಕೇಳಿಸಿತು, ಅಕ್ಕನ ಮಾತೂ ಕೇಳಿಸಿತು, ಏನೆಂದು ತಿಳಿಯಲಿಲ್ಲ.

ಹೊರಗೆ ಬಂದವಳು, "ಆಪರೇಷನ್ ಬೇಡ ಅಂತ ಹೇಳಿದ್ರು. ಇನ್ನು ಆ ಮಾತೇ ಇಲ್ಲ," ಎಂದಳು. ತೂಕ ಎಷ್ಟೆಂದು ಹೇಳಲಿಲ್ಲ. ಅಂದಿನಿಂದ ಪ್ರತಿ ತಿಂಗಳೂ ಹಾಗೆಯೇ. ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಕೇಳುವ ಹಕ್ಕು ಹೋಯಿತೆಂದು ನನಗೆ ಗೊತ್ತಿದೆ. ಬಾಗಿಲು ತೆರೆದು ಅವಳು ನಡೆದು ಬರುವುದನ್ನು ಬೆಂಚಿನ ಮೇಲೆ ಕೂತು ನೋಡುತ್ತೇನೆ. ನೋಡಿದರೇ ತಿಳಿಯುತ್ತದೆ.